ನೂರರ ವೇಗ

ಮಾರ್ಚ್ 2, 1978, ಗುರುವಾರ. ಬೆಳಿಗ್ಗೆ 9.40

ಕಾಫಿ ಕಪ್ಪು ಎರಡು, ತಟ್ಟೆ ಎರಡು, ಗಂಜಿ ಪಾತ್ರೆ ಒಂದು. ತೊಳೆದು, ಒರೆಸಿ, ಕಪಾಟಿನಲ್ಲಿ ಇಡುವಷ್ಟರಲ್ಲಿ ಏಳೂಕಾಲು ನಿಮಿಷ. ನಾನು ನೋಡಿಕೊಂಡಿದ್ದಲ್ಲ. ನನ್ನ ಗಂಡ ಟುರೆ. ಹಿಂದೆ ನಿಂತಿದ್ದ — ಬರೆಯುವ ಹಲಗೆಯನ್ನು ಹೊಟ್ಟೆಗೆ ಆನಿಸಿಕೊಂಡು, ಅದರ ಮೂಲೆಗೆ ಸ್ಟಾಪ್‌ವಾಚ್ ಸಿಕ್ಕಿಸಿಕೊಂಡು.

"ಸಿಂಕ್ ಹತ್ರ ಎರಡು ಸಲ ಹೋದೆ ನೋಡು. ಒಂದು ಸಲ ಸಾಕಾಗಿತ್ತು."

"ಸ್ಪಂಜು ಕೆಳಗೆ ಬಿದ್ದಿತ್ತು."

"ಬಿದ್ರೂ ಅದು ಹೊತ್ತೇ ಅಲ್ವಾ ಡಾಗ್ನಿ?"

ಸ್ಪಂಜು ಹಿಂಡಿ ಇಟ್ಟೆ. ಶರ್ಟ್ ಕಾರ್ಖಾನೆ ಮುಚ್ಚಿದ್ದು ಹೋದ ಶರತ್ಕಾಲದಲ್ಲಿ. ಈ ಬೂರೋಸ್ ಊರಿನಲ್ಲಿ ಈಗ ವರ್ಷಕ್ಕೆರಡು ಮುಚ್ಚುತ್ತವೆ. ಅರವತ್ತಕ್ಕೇ ಇವನನ್ನು ಮನೆಗೆ ಕಳಿಸಿದರು. ಅಲ್ಲಿ ಗಡಿಯಾರ ಹಿಡಿದು, ಹೊಲಿಯುವ ಹೆಂಗಸರ ಕೈ ಎಷ್ಟು ಬೇಗ ಓಡುತ್ತದೆ ಎಂದು ಜೀವಮಾನವೆಲ್ಲ ಅಳೆದವನು. ಅಳೆಯಲು ಈಗ ನಾನೊಬ್ಬಳೇ ಉಳಿದಿದ್ದೇನೆ.

ಇದನ್ನು ಅಡುಗೆ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಇವನು ಹುಟ್ಟಿದಾಗಿನಿಂದ ಅಡುಗೆ ಪುಸ್ತಕ ತೆರೆದವನಲ್ಲ. ಬಟಾಣಿ ಸೂಪು ಕುದಿಯುತ್ತಿದೆ. ಅದನ್ನೂ ಅಳೆಯುತ್ತಾನೆ.

ಮಾರ್ಚ್ 6, ಸೋಮವಾರ

ಇವತ್ತು ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನಮ್ಮ ಸರದಿ. ಅಲ್ಲಿಗೂ ಬಂದ, ಕುರ್ಚಿ ಹಿಡಿದುಕೊಂಡು. ಮೇಲಿನ ಮನೆಯ ಹುಡುಗಿ ಮೆಟ್ಟಿಲಲ್ಲಿ ನೋಡಿ ನಕ್ಕಳು. ನಾಚಿಕೆಯಿಂದ ಸತ್ತೆ.

ಇದಕ್ಕೆಲ್ಲ ಕಾರಣ ಪರದೆ ಅಂಗಡಿ. ಚೌಕದ ಪಕ್ಕದ್ದು. ಪರದೆ ಹೊಲಿಯುವವಳು ಬೇಕಂತೆ, ದಿನಾ ಮಧ್ಯಾಹ್ನ ಹನ್ನೆರಡೂವರೆಯಿಂದ ಐದರವರೆಗೆ. ಈಸ್ಟರ್ ಒಳಗೆ ಹೇಳಬೇಕು. ನನಗೆ ಐವತ್ತು. ಇಪ್ಪತ್ನಾಲ್ಕು ವರ್ಷದಿಂದ ಯಾರೂ ನನ್ನನ್ನು ಏನಕ್ಕೂ ಬೇಕು ಎಂದಿರಲಿಲ್ಲ. ಹೋಗಲೇಬೇಕು ಅನಿಸಿದೆ.

ಟುರೆ ಅಂದದ್ದು —

"ಹೋಗು, ನಾನು ಬೇಡ ಅಂದ್ನಾ? ಮನೆ ಕೆಲ್ಸ ಅಷ್ಟರೊಳಗೆ ಮುಗೀಬೇಕು, ಅಷ್ಟೇ. ಮುಗಿಯುತ್ತೋ ಇಲ್ವೋ ನಾನು ಲೆಕ್ಕ ಹಾಕಿ ಹೇಳ್ತೀನಿ."

"ನೀನೂ ಒಂಚೂರು ಕೈ ಹಾಕಿದ್ರೆ?"

"ಅಳೆಯೋನು ಕೈ ಹಾಕಬಾರದು. ಲೆಕ್ಕ ಕೆಡುತ್ತೆ."

ಮಾರ್ಚ್ 9, ಗುರುವಾರ. ಮಧ್ಯಾಹ್ನ

ಉಪಾಯ ಮಾಡಿದೆ. ನಾನೂ ಅಲ್ಲಿ ಹೊಲಿಯುತ್ತಿದ್ದಾಗ ಕಲಿತ, ಕಾರ್ಖಾನೆಯ ಹಳೇ ಉಪಾಯ. ಗಡಿಯಾರದವನು ಬಂದು ಪಕ್ಕ ನಿಂತ ಕೂಡಲೇ ಕೈ ನಿಧಾನ ಮಾಡುವುದು. ಕತ್ತರಿಸಿದ ದಾರವನ್ನೇ ಮತ್ತೆ ಕತ್ತರಿಸುವುದು. ಸೂಜಿ ಒರೆಸುವುದು. ನಿಧಾನ ಮಾಡಿದಷ್ಟೂ ಆ ಕೆಲಸಕ್ಕೆ ಹೆಚ್ಚು ಹೊತ್ತು ಗೊತ್ತುಮಾಡುತ್ತಾರೆ, ಆಮೇಲೆ ಎಲ್ಲರೂ ಉಸಿರಾಡಬಹುದು. ಹೊಲಿಗೆ ಸಾಲಿಗೆ ಸೇರಿದ ಮೊದಲ ದಿನವೇ ಇದನ್ನು ಹೇಳಿಕೊಡುತ್ತಿದ್ದರು. ನನಗೂ ಹೇಳಿಕೊಟ್ಟಿದ್ದರು.

ಆದರೆ 1954ರಲ್ಲಿ ಟುರೆ ಹೊಸದಾಗಿ ಬಂದು ನನ್ನ ಮಷಿನ್ ಪಕ್ಕ ನಿಂತ. ಅವನ ಬೆರಳು ಚೆನ್ನಾಗಿದ್ದವು. ಶುಭ್ರವಾದ ಉಗುರು. ನಾನು ಮರುಳಾದೆ. ನಿಧಾನ ಮಾಡುವ ಬದಲು ಓಡಿಸಿದೆ — ಕಾಲರ್ ಮೇಲೆ ಕಾಲರ್, ಉಸಿರು ಕಟ್ಟಿಕೊಂಡು. ನನ್ನ ಕೈ ಎಷ್ಟು ಚುರುಕು, ನೋಡಲಿ ಎಂದು. ನೋಡಿದ. ನನ್ನ ಆ ಹೊತ್ತನ್ನೇ ಇಡೀ ಸಾಲಿಗೆ ಗೊತ್ತುಮಾಡಿದರು. ಹನ್ನೊಂದು ಜನ ಹೆಂಗಸರು ಆ ವೇಗಕ್ಕೆ ಮುಟ್ಟಲಾರದೆ ಒದ್ದಾಡಿದರು. ಪಕ್ಕದ ಮಷಿನ್‌ನ ಹೆಡ್ವಿಗ್‌ಗೆ ಮಣಿಕಟ್ಟು ಹೋಯಿತು, ಒಂದು ಚಳಿಗಾಲ ಪೂರ್ತಿ ಪಟ್ಟಿ ಕಟ್ಟಿಕೊಂಡಿದ್ದಳು. ಕಾಫಿ ಹೊತ್ತಿಗೆ ಬೆಂಚಿಗೆ ಹೋದರೆ ಹೆಡ್ವಿಗ್ ತನ್ನ ಪಕ್ಕದಲ್ಲಿ ಚೀಲ ಇಟ್ಟು ಹೇಳುತ್ತಿದ್ದಳು, "ಇಲ್ಲಿ ಜನ ಇದ್ದಾರೆ." ದಿನಾ. ಎಂಟು ತಿಂಗಳು. ಆಮೇಲೆ ಮದುವೆಯಾಗಿ ಕೆಲಸ ಬಿಟ್ಟೆ.

ನನ್ನ ತಪ್ಪು. ಇಪ್ಪತ್ನಾಲ್ಕು ವರ್ಷ ಇದನ್ನೇ ಹೇಳಿಕೊಂಡು ಬಂದಿದ್ದೇನೆ.

ಇವತ್ತು ಪ್ಯಾನ್‌ಕೇಕ್ ಹುಯ್ಯುವಾಗ ನಿಧಾನ ಮಾಡಿದೆ. ಸೌಟನ್ನು ಒರೆಸಿದೆ, ಮತ್ತೆ ಒರೆಸಿದೆ. ಟುರೆ ನಕ್ಕ.

"ನನ್ನ ಹತ್ರ ಆಟ ಬೇಡ. ಇದು ಎಪ್ಪತ್ತರ ವೇಗ."

ಹಾಳೆಯಲ್ಲಿ ವೇಗಕ್ಕೆ ಬೇರೆ ಅಂಕಣವೇ ಇದೆಯಂತೆ. ಸಾಧಾರಣ ಕೆಲಸಗಾರ್ತಿ ಸಾಧಾರಣವಾಗಿ ಮಾಡಿದರೆ ನೂರು. ಬೇಕೆಂದೇ ಎಳೆದರೆ ಎಪ್ಪತ್ತು. ಜೀವ ಬಿಟ್ಟು ಓಡಿಸಿದರೆ ನೂರಮೂವತ್ತು. ಎಳೆದವಳ ಹೊತ್ತನ್ನು ಇಳಿಸುತ್ತಾರೆ, ಓಡಿಸಿದವಳ ಹೊತ್ತನ್ನು ಏರಿಸುತ್ತಾರೆ. ಆಗ ನ್ಯಾಯವಾದ ಹೊತ್ತು ಸಿಗುತ್ತದೆ.

"ಅರ್ಧ ನಿಮಿಷ ನೋಡಿದ್ರೆ ಸಾಕು, ಯಾರು ಎಳೀತಿದ್ದಾರೆ, ಯಾರು ಓಡಿಸ್ತಿದ್ದಾರೆ ಗೊತ್ತಾಗುತ್ತೆ. ನನ್ನ ಕಣ್ಣು ಒಂದು ದಿನವೂ ತಪ್ಪಿಲ್ಲ."

ಎಂದು ಹೇಳಿ ನಾಲ್ಕು ಪ್ಯಾನ್‌ಕೇಕ್ ತಿಂದ, ಜ್ಯಾಮ್ ಹಾಕಿಕೊಂಡು.

ಮಾರ್ಚ್ 13, ಸೋಮವಾರ

ತೀರ್ಪು ಬಂತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾನೆ. ಮನೆ ಕೆಲಸ ದಿನಕ್ಕೆ ನಾಲ್ಕು ಗಂಟೆ ಹತ್ತು ನಿಮಿಷ. ನಾನು ತೆಗೆದುಕೊಳ್ಳುತ್ತಿರುವುದು ಏಳು ಗಂಟೆ. ಉಳಿದದ್ದೆಲ್ಲ "ವ್ಯರ್ಥ" — ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾನೆ. ಈ ಹಾಳೆಯ ಪ್ರಕಾರ ಮಾಡಿದರೆ ಅಂಗಡಿಗೆ ಹೋಗಬಹುದು. ಆಗದಿದ್ದರೆ ಇಲ್ಲ. ವಿಜ್ಞಾನವಂತೆ.

ಕಿಟಕಿಗೆ ಬರೆದಿರುವುದು ಒಂಬತ್ತು ನಿಮಿಷ. ನಮ್ಮ ಕಿಟಕಿಗೆ ಜೋಡಿ ಗಾಜು. ತಿರುಪು ಬಿಚ್ಚಿ ಬೇರೆ ಮಾಡಿದರೆ ಒರೆಸಲು ನಾಲ್ಕು ಮೈ. ಅವನಿಗೆ ಕಂಡಿರುವುದು ಎರಡು.

ಮಾರ್ಚ್ 14, ಮಂಗಳವಾರ. 11 ಗಂಟೆ

ಖಾಲಿ ನಮೂನೆ ಹಾಳೆ ಮುಗಿದವು, ನೆಲಮಾಳಿಗೆಯ ಪೆಟ್ಟಿಗೆಯಿಂದ ತಾ ಎಂದು ಕಳಿಸಿದ. ಹೋದೆ. ಪೆಟ್ಟಿಗೆಯ ತಳದಲ್ಲಿ ವರ್ಷವಾರು ಕಡತ. 1954 ಎಂದು ಬರೆದದ್ದು ತೆಗೆದೆ. ಸುಮ್ಮನೆ. ನನ್ನ ಹೆಸರು ನೋಡಲು.

ಹೆಸರಿದೆ. ಡಾಗ್ನಿ ಲೀಂಡೆಲ್, ಕಾಲರ್, ಎಂಟನೇ ಮಷಿನ್. ಹೊತ್ತುಗಳೆಲ್ಲ ಅವನ ಚಂದದ ಅಕ್ಷರದಲ್ಲಿ.

ವೇಗದ ಅಂಕಣ — 100.

ನೂರು.

ಜೀವ ಬಿಟ್ಟು ಓಡಿಸಿದ್ದೆ. ಬೆವರು ಕಣ್ಣಿಗೆ ಇಳಿದಿತ್ತು. ಅರ್ಧ ನಿಮಿಷ ನೋಡಿದರೆ ಗೊತ್ತಾಗುವ ಕಣ್ಣು. ಒಂದು ದಿನವೂ ತಪ್ಪದ ಕಣ್ಣು. ಸಾಧಾರಣ ಎಂದು ಬರೆದ. ನೂರಮೂವತ್ತು ಎಂದು ಬರೆದಿದ್ದರೆ ಸಾಲಿನಲ್ಲಿ ಯಾರಿಗೂ ಏನೂ ಆಗುತ್ತಿರಲಿಲ್ಲ. ಹೆಡ್ವಿಗ್‌ಳ ಕೈ ಉಳಿಯುತ್ತಿತ್ತು. ಬೆಂಚಿನಲ್ಲಿ ನನ್ನ ಜಾಗ ಉಳಿಯುತ್ತಿತ್ತು.

ಮೇಲಿನಿಂದ ಕೂಗಿದ, "ಪೆಟ್ಟಿಗೆ ಹುಡುಕೋಕೆ ಎಷ್ಟು ಹೊತ್ತೇ?"

ಹಾಳೆ ಮಡಿಸಿ ಏಪ್ರನ್ ಜೇಬಿಗೆ ಹಾಕಿಕೊಂಡೆ. ಖಾಲಿ ನಮೂನೆ ಕೊಟ್ಟೆ. ಕಾಫಿಯನ್ನೂ ಕೊಟ್ಟೆ. ಮೈಯೆಲ್ಲ ಉರಿಯುತ್ತಿದೆ. ಇವನನ್ನು ಸುಮ್ಮನೆ ಬಿಡುವುದಿಲ್ಲ.

ಮಾರ್ಚ್ 18, ಶನಿವಾರ

ಹೆಡ್ವಿಗ್ ಮನೆಗೆ ಹೋಗಿದ್ದೆ. ಆಮೇಲಿನ ವರ್ಷಗಳಲ್ಲಿ ಯೂನಿಯನ್ ಅವಳಿಗೇ ಗಡಿಯಾರದ ತರಬೇತಿ ಕೊಡಿಸಿತ್ತು, ಕಂಪನಿಯವರ ಲೆಕ್ಕವನ್ನು ಮತ್ತೆ ಅಳೆದು ನೋಡಲು. ಬಾಗಿಲು ಒಂದು ಗೇಣು ತೆರೆದಳು.

"ಟುರೆ ಹೆಂಡತಿ. ಏನು ಬೇಕು?"

"ಟುರೆನ ಅಳೀಬೇಕು. ಒಂದು ದಿನ ಮನೆ ಕೆಲಸ ಅವನು ಮಾಡ್ತಾನೆ. ಗಡಿಯಾರ ನೀನು ಹಿಡೀಬೇಕು."

ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಭುಜ ಕುಣಿಯುವಷ್ಟು.

"ಬರ್ತೀನಿ. ನಿನಗೋಸ್ಕರ ಅಂತ ತಿಳ್ಕೋಬೇಡ."

ಒಳಗೆ ಕರೆಯಲಿಲ್ಲ. ಹಳೇ ಹಾಳೆಯ ವಿಷಯ ನಾನು ಹೇಳಲಿಲ್ಲ. ಅದನ್ನು ಅವನ ಎದುರಿಗೇ ಬಿಚ್ಚಬೇಕು.

ಮಾರ್ಚ್ 20, ಸೋಮವಾರ

ಗಾಳ ಹಾಕಿದೆ, ಕಚ್ಚಿದ.

"ಟುರೆ, ನಿನ್ನ ನಾಲ್ಕು ಗಂಟೆ ಹತ್ತು ನಿಮಿಷ ಯಾರ ಕೈಲೂ ಆಗಲ್ಲ. ನಿನ್ನ ಕೈಲೂ."

"ನನ್ನ ಕೈಲಾ? ಕ್ರಮ ಗೊತ್ತಿದ್ರೆ ಕುರುಡನೂ ಮಾಡ್ತಾನೆ."

"ಹಾಗಾದ್ರೆ ಮಾಡಿ ತೋರಿಸು. ಗುರುವಾರ, ಈಸ್ಟರ್ ಹಬ್ಬಕ್ಕೆ ಕಿಟಕಿ ಒರೆಸೋದೂ ಸೇರಿಸಿ. ಹೆಡ್ವಿಗ್ ಅಳೀತಾಳೆ. ಗಡಿಯಾರ ಹೇಳಿದ್ದೇ ಕೊನೆ."

ಹೆಡ್ವಿಗ್ ಹೆಸರು ಕೇಳಿ ಅವನ ಮೀಸೆ ನಿಮಿರಿತು. ಯೂನಿಯನ್‌ನವಳ ಎದುರು ಸೋಲುವುದುಂಟೇ! ನಮೂನೆ ತುಂಬಿದ್ದು ನಾನು. ಕೆಲಸಗಾರರ ಹೆಸರಿನ ಜಾಗದಲ್ಲಿ — "ಮಧ್ಯಾಹ್ನ ಮನೆಯಲ್ಲಿ ಇರುವವರು." ಕೆಳಗೆ — "ಗುರುವಾರ ಅಳೆದ ಹೊತ್ತು ಇವರಿಗೆ ಅನ್ವಯ, ದಿನವೂ." ಓದಿದ. ನನ್ನನ್ನೇ ಅಂದುಕೊಂಡ. ಮುಗುಳ್ನಕ್ಕು ಸಹಿ ಹಾಕಿದ, ಕೆಳಗೆ ಗೆರೆ ಬೇರೆ ಎಳೆದ.

ಮಾರ್ಚ್ 23, ಗುರುವಾರ. ಬೆಳಿಗ್ಗೆ 10.15

ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಹತ್ತು ಗಂಟೆಗೆ ಕುರ್ಚಿಯಲ್ಲಿ! ಎಂಟಕ್ಕೆ ಶುರು. ಹೆಡ್ವಿಗ್ ಕೋಟು ಬಿಚ್ಚಿ, ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟು, ಗಡಿಯಾರ ಒತ್ತಿದಳು. "ಶುರು ಮಾಡಿ ಸಾಹೇಬ್ರೇ." ಕಾರ್ಖಾನೆಯಲ್ಲಿ ಹಾಗೇ ಕರೆಯಬೇಕಿತ್ತು.

ಓಡುತ್ತಿದ್ದಾನೆ. ನಿಜವಾಗಿ ಓಡುತ್ತಿದ್ದಾನೆ. ಹಾಸಿಗೆ ಆಯಿತು, ಪಾತ್ರೆ ಆಯಿತು. ಬಟಾಣಿ ಒಲೆಯ ಮೇಲಿದೆ. ಇಸ್ತ್ರಿಯಲ್ಲಿ ಹೆಬ್ಬೆರಳು ಸುಟ್ಟುಕೊಂಡ, ನಿಲ್ಲಲಿಲ್ಲ. ಕಾಫಿ ಕೊಡಲೇ ಎಂದೆ. ಬೇಡ, ಹೊತ್ತು ಹೋಗುತ್ತದೆ ಎಂದ. ಶೌಚಕ್ಕೂ ಹೋಗಿಲ್ಲ. ಈಗ ಕಿಟಕಿ. ನಾಲ್ಕು ಮೈ ಇರುವುದು ಇವತ್ತು ಗೊತ್ತಾಯಿತು. ತಿರುಪು ಬಿಚ್ಚುವಾಗ ಬೈದ ಮಾತು ಇಲ್ಲಿ ಬರೆಯುವಂಥದಲ್ಲ.

ಹೆಡ್ವಿಗ್ ನನ್ನ ಕಡೆ ನೋಡುವುದಿಲ್ಲ. ಆದರೆ ಅವಳ ತುಟಿಯ ಒಂದು ಕೊನೆ ಮೇಲಿದೆ.

ಅದೇ ದಿನ. ಮಧ್ಯಾಹ್ನ 3

ಕೊನೆಯ ಪ್ಯಾನ್‌ಕೇಕ್ ತಟ್ಟೆಗೆ ಬಿದ್ದಾಗ, ಎಂಟರಿಂದ ಒಟ್ಟು ನಾಲ್ಕು ಗಂಟೆ ಏಳು ನಿಮಿಷ ಆಗಿತ್ತು. ಗೆದ್ದ! ಅಂಗಿ ಬೆನ್ನಿಗೆ ಅಂಟಿತ್ತು, ಮುಖ ಬೀಟ್‌ರೂಟ್, ಉಸಿರು ಶಿಳ್ಳೆ ಹೊಡೆಯುತ್ತಿತ್ತು. ಮೇಜಿಗೆ ಕೈ ಊರಿ ನಿಂತುಕೊಂಡೇ ನಗುತ್ತಿದ್ದ.

"ನೋಡಿದ್ರಾ? ಇಬ್ರೂ ನೋಡಿದ್ರಾ?"

"ನೋಡಿದ್ವಿ. ಬಹಳ ಚೆನ್ನಾಗಿ ಮಾಡಿದೆ. ಮಂಗಳವಾರದಿಂದ ನಾನು ಅಂಗಡಿಗೆ ಹೋಗ್ತೀನಿ. ಮಧ್ಯಾಹ್ನ ಮನೇಲಿರೋನು ನೀನು. ದಿನಾ ನಾಲ್ಕು ಗಂಟೆ ಏಳು ನಿಮಿಷ. ಸಹಿ ಹಾಕಿದ್ದೀಯ."

ನಗು ನಿಂತಿತು. ಹಾಳೆ ಎಳೆದುಕೊಂಡು ಓದಿದ. ಮತ್ತೆ ಓದಿದ.

"ದಿನಾನಾ? ಹೀಗೆ? ನಾನು ಜೀವ ಬಿಟ್ಟು ಓಡಿದ್ದೀನಿ ಕಣೇ! ಇದು ನೂರಮೂವತ್ತರ ವೇಗ. ಕಣ್ಣಿದ್ದೋರಿಗೆ ಯಾರಿಗಾದ್ರೂ ಗೊತ್ತಾಗುತ್ತೆ! ಹೆಡ್ವಿಗ್, ಬರಿ — ವೇಗದ ಅಂಕಣದಲ್ಲಿ ಬರಿ, ನೂರಮೂವತ್ತು. ಹೊತ್ತು ಏರಿಸಲೇಬೇಕು. ಇಲ್ಲದಿದ್ರೆ ಅನ್ಯಾಯ!"

ಈ ಮಾತಿಗೇ ಕಾದಿದ್ದೆ. ಏಪ್ರನ್ ಜೇಬಿನಿಂದ ಹಳೇ ಹಾಳೆ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟೆ. ಅಂಗೈಯಿಂದ ಮಡಿಕೆ ಸವರಿದೆ.

"ಇದರಲ್ಲಿ ಎಷ್ಟು ಬರೆದಿದ್ದೀಯ, ಓದು. ಜೋರಾಗಿ."

ಓದಲಿಲ್ಲ. ಹೆಡ್ವಿಗ್ ಕನ್ನಡಕ ಹಾಕಿಕೊಂಡು ಓದಿದಳು. "ಡಾಗ್ನಿ ಲೀಂಡೆಲ್. ಕಾಲರ್. ವೇಗ..." ಅಲ್ಲಿಗೆ ನಿಂತಳು. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡಳು. ತನಗೇ ಗೊತ್ತಿಲ್ಲದೆ.

"ಇವಳು ಹೇಗೆ ಹೊಲೀತಿದ್ಲು ಅಂತ ನಾನು ಪಕ್ಕದಲ್ಲೇ ಕೂತು ನೋಡಿದ್ದೀನಿ," ಅಂದಳು. "ನೂರಾ ಇದು?"

"ಆಗ ಹೊಸಬ ನಾನು," ಅಂದ ಟುರೆ. "ಮ್ಯಾನೇಜರ್‌ಗೆ ಅಷ್ಟೇ ಹೊತ್ತು ಬೇಕಾಗಿತ್ತು. ಹೊತ್ತು ಏರಿಸಿದ್ರೆ ನನ್ನನ್ನ ಇಟ್ಕೋತಿರಲಿಲ್ಲ... ಇವಳಾಗೇ ಓಡಿಸಿದ್ಲು, ನಾನು ಹೇಳಿರಲಿಲ್ಲ..."

"ನೀನೂ ಇವತ್ತು ನೀನಾಗೇ ಓಡಿಸಿದೆ," ಅಂದೆ. "ಯಾರೂ ಹೇಳಿರಲಿಲ್ಲ."

ಹೆಡ್ವಿಗ್ ಪೆನ್ಸಿಲ್ ತೆಗೆದುಕೊಂಡು ಇವತ್ತಿನ ಹಾಳೆಯ ವೇಗದ ಅಂಕಣದಲ್ಲಿ ಬರೆದಳು. ಒಂದು. ಸೊನ್ನೆ. ಸೊನ್ನೆ. ಒಂದೊಂದನ್ನೂ ದುಂಡಗೆ.

ಹೊಟ್ಟೆ ತಣ್ಣಗಾಯಿತು. ಸುಳ್ಳು ಹೇಳುವುದಿಲ್ಲ, ಎಷ್ಟೋ ವರ್ಷದಿಂದ ಇಷ್ಟು ಸುಖವಾಗಿರಲಿಲ್ಲ. ಟುರೆ ಸುಟ್ಟ ಹೆಬ್ಬೆರಳನ್ನು ನಲ್ಲಿಯ ಕೆಳಗೆ ಹಿಡಿದು ನಿಂತಿದ್ದ. ಅಯ್ಯೋ ಅನಿಸಬೇಕಿತ್ತು. ಅನಿಸಲಿಲ್ಲ.

ಕಾಫಿ ಬಗ್ಗಿಸಿದೆ, ಎರಡು ಕಪ್ಪು. ಎಲ್ಲಿ ಕೂರುವುದೆಂದು ತಿಳಿಯದೆ ಕಪ್ಪು ಹಿಡಿದು ನಿಂತೆ, ಆಗ ನಿಲ್ಲುತ್ತಿದ್ದ ಹಾಗೇ. ಹೆಡ್ವಿಗ್ ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೆಗೆದು ನೆಲದ ಮೇಲಿಟ್ಟಳು.

"ಇಲ್ಲಿ ಯಾರೂ ಇಲ್ಲ," ಅಂದಳು. "ಕೂತ್ಕೋ ಡಾಗ್ನಿ."

ಮಾರ್ಚ್ 28, ಮಂಗಳವಾರ. ಮಧ್ಯಾಹ್ನ 12.05

ಕೋಟು ಹಾಕಿಕೊಂಡಾಗಿದೆ. ಅಂಗಡಿಗೆ ಹತ್ತು ನಿಮಿಷದ ದಾರಿ. ಹೆಡ್ವಿಗ್ ಬೀದಿ ಮೂಲೆಯ ಹತ್ತಿರ ಕಾಯುತ್ತೇನೆ ಎಂದಿದ್ದಾಳೆ. ಬೆಳಿಗ್ಗೆ ಟುರೆ ಕೇಳಿದ, ನಡುವೆ ಕಾಫಿಗೆ ಹತ್ತು ನಿಮಿಷ ಕೊಡುತ್ತೀಯಾ ಎಂದು. ಹಾಳೆಯಲ್ಲಿ ಇಲ್ಲ ಎಂದೆ.

ಗಡಿಯಾರ ನನ್ನ ಹತ್ತಿರ ಇದೆ. ಒಳಗೆ ಆಲೂಗಡ್ಡೆ ಸುಲಿಯುತ್ತಿದ್ದಾನೆ, ಎಂಟು. ಒಂದು ಕೆಳಗೆ ಬಿದ್ದ ಸದ್ದು. "ಡಾಗ್ನಿ, ಬಿದ್ದದ್ದನ್ನೂ ಲೆಕ್ಕಕ್ಕೆ ತಗೋತೀಯಾ?"

ಗಡಿಯಾರ ನೋಡಿದೆ. ನಾಲ್ಕು ನಿಮಿಷ... ನಾಲ್ಕೂವರೆ... ಇನ್ನೂ ಮೂರು ಆಲೂಗಡ್ಡೆ. ಕೈ ನಿಧಾನವಾಗುತ್ತಿದೆ. ಬೇಕೆಂದೇ ಎಳೆಯುತ್ತಿದ್ದಾನೆ. ನನಗೂ ಈಗ ಕಣ್ಣು ಬಂದಿದೆ — ಇದು ಎಪ್ಪತ್ತರ ವೇಗ.