ಹದಿನಾಲ್ಕನೆಯ ಸಹಿ

ಸಿದ್ದನಕಟ್ಟೆ, ಮಾಗಡಿ ರಸ್ತೆ
ಬೆಂಗಳೂರು ಉತ್ತರ ತಾಲ್ಲೂಕು
೧೨-೮-೨೦೨೪, ಸೋಮವಾರ

ಪ್ರೀತಿಯ ಯಶೋದೆಗೆ ನಿನ್ನ ಶಿವಕ್ಕನ ಶರಣು.

ಇವತ್ತು ಶ್ರಾವಣದ ಎರಡನೆಯ ಸೋಮವಾರ, ನನಗೆ ಉಪವಾಸ. ಎದ್ದು ಬಾಗಿಲು ಸಾರಿಸಿ, ನಲ್ಲಿಯಲ್ಲಿ ನೀರು ನಿಲ್ಲುವುದರೊಳಗೆ ಡ್ರಮ್ಮು ತುಂಬಿಸಿ, ಪೂಜೆ ಮುಗಿಸಿ, ನಮ್ಮವರಿಗೆ ರೊಟ್ಟಿ ಬಡಿದು ಡಬ್ಬಿ ಕಟ್ಟಿ ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿಗೆ ಕಳಿಸಿ ಈಗ ಕೂತೆ. ನಿನಗೆ ಮೊಮ್ಮಗ ಹುಟ್ಟಿ ಹದಿನೆಂಟು ದಿನವಾಯಿತು, ನಾನು ಒಂದು ಸಾಲು ಬರೆಯಲಿಲ್ಲ. ನೀನು ಎರಡು ಸಲ ಫೋನು ಮಾಡಿದಾಗಲೂ ಒಲೆ ಮೇಲೆ ಹಾಲಿದೆ ಎಂದು ಇಟ್ಟುಬಿಟ್ಟೆ. ಹಾಲೂ ಇರಲಿಲ್ಲ, ಏನೂ ಇರಲಿಲ್ಲ. ಈ ವಿಷಯ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ ಕಣೇ.

ಸುತ್ತಿ ಬಳಸಿ ಹೇಳುವುದು ನನಗೆ ಗೊತ್ತಿಲ್ಲ. ನಮ್ಮ ಹಿಂದಿನ ಬೀದಿಯ ಇಪ್ಪತ್ತೊಂದು ಮನೆ ಕಟ್ಟಲು ಬಂದಿದ್ದ ಅನುದಾನವನ್ನು ಪುರಸಭೆಯವರು ಬಸ್ ಸ್ಟಾಪಿನ ಎದುರು ಕಟ್ಟುವ ಕಾಂಪ್ಲೆಕ್ಸಿಗೆ ತಿರುಗಿಸಿದ್ದಾರೆ. ಕೆಳಗೆ ಅಂಗಡಿ, ಮೇಲೆ ಆಫೀಸು, ಲಿಫ್ಟು ಬೇರೆ. ಆರ್ಡರ್ ಇನ್ನೇನು ಬಂತು, ಹಳೇ ಗೋಡೆ ಕೆಡವಿಟ್ಟಿರಿ ಎಂದು ಅವರೇ ಹೇಳಿದ್ದಕ್ಕೆ ತಾನೆ ನೀನು ಅಡಿಗೆಮನೆ ಕೆಡವಿದ್ದು? ಮೊದಲ ಹೆರಿಗೆಗೆ ತವರಿಗೆ ಬರಬೇಕಿದ್ದ ಲತಾ ಅದಕ್ಕೇ ಕುಣಿಗಲ್ಲಿನಲ್ಲೇ ಹೆತ್ತಳು. ನೀನು ಬೀಗರ ಮನೆಯಲ್ಲಿ ಅವರ ಕಣ್ಣ ಮುಂದೆ ಬಾಣಂತನ ಮಾಡುವ ಹಾಗಾಯಿತು. ಮೊನ್ನೆಯ ಗಾಳಿಗೆ ನಿನ್ನ ಹಿತ್ತಲಿನ ಟಾರ್ಪಾಲೂ ಹಾರಿತು. ನಿನ್ನ ಯಜಮಾನರು ಕೆಂಪಯ್ಯಣ್ಣ ಅದರ ಮೇಲೆ ಕಲ್ಲು ಹೇರಿ, ಕೆಳಗೆ ಕೂತು ಗಂಜಿ ಕಾಯಿಸಿಕೊಳ್ಳುತ್ತಿದ್ದಾರೆ. ನಮ್ಮಲ್ಲಿ ಊಟಕ್ಕೆ ಕರೆದರೆ ಬರುವುದಿಲ್ಲ, ಹಟ.

ಬಾಣಂತನದ ಮಧ್ಯೆ ನಿನಗೆ ಚಿಂತೆ ಹಚ್ಚುವುದು ಬೇಡವೆಂದು ಅವರೂ ನಿನಗೆ ಹೇಳಿಲ್ಲ. ನಾನೂ ಕೆಂಪಯ್ಯಣ್ಣನೂ ಪುರಸಭೆಗೆ ಮೂರು ಸಲ ಅಲೆದೆವು. ಮೊದಲ ಸಲ ಸಾಹೇಬರು ಮೀಟಿಂಗಿನಲ್ಲಿದ್ದರು. ಎರಡನೆಯ ಸಲ ಕಂಪ್ಯೂಟರು ಕೆಟ್ಟಿತ್ತು. ಮೂರನೆಯ ಸಲ ಸಾಹೇಬರು ಸಿಕ್ಕಿದರು, ಪಕ್ಕದಲ್ಲಿ ನಮ್ಮ ವಾರ್ಡಿನ ಮೆಂಬರು ಗಿರಿರಾಜ ಬೋಂಡಾ ತಿನ್ನುತ್ತಾ ಕೂತಿದ್ದ.

"ನೋಡಮ್ಮ, ಕಾಂಪ್ಲೆಕ್ಸ್ ಆದ್ರೆ ಬಾಡಿಗೆ ಬರುತ್ತೆ. ಆ ಆದಾಯದಲ್ಲಿ ಆಮೇಲೆ ನಿಮಗೆ ಮನೆ ಕಟ್ಕೊಡ್ತೀವಿ," ಎಂದರು ಸಾಹೇಬರು.

"ಅಲ್ಲೀವರೆಗೂ ನಿಮ್ಮ ಲಿಫ್ಟಲ್ಲಿ ಮಲಗೋಣ್ವಾ ಸಾರ್?" ಎಂದೆ.

ಕೆಂಪಯ್ಯಣ್ಣ ನಕ್ಕೇಬಿಟ್ಟರು. ಗಿರಿರಾಜ ಕೈ ಒರೆಸಿಕೊಂಡ. "ನಮ್ಮ ಮೇಲೆ ಯಾಕೆ ರೇಗ್ತೀರಾ ಶಿವಕ್ಕ? ನಿಮ್ಮ ಬೀದಿಯೋರೇ ಒಪ್ಪಿ ಸೈನ್ ಹಾಕಿದಾರೆ. ಹದಿನಾಲ್ಕು ಜನ ಒಪ್ಪಿದ್ರೆ ಸಾಕಿತ್ತು. ಸರಿಯಾಗಿ ಹದಿನಾಲ್ಕಿದೆ, ಎಣಿಸ್ಕೊಳಿ," ಎಂದು ಸಭೆಯ ಪುಸ್ತಕ ನನ್ನ ಕಡೆ ತಳ್ಳಿದ.

ಮೇಲೆ ದುಂಡಗಿನ ಅಕ್ಷರದಲ್ಲಿ, ಅನುದಾನವನ್ನು ವಾಣಿಜ್ಯ ಕಟ್ಟಡಕ್ಕೆ ಬಳಸಲು ಫಲಾನುಭವಿಗಳು ಒಪ್ಪಿರುತ್ತಾರೆ ಎಂದು ಬರೆದಿತ್ತು. ಕೆಳಗೆ ನಮ್ಮ ಹೆಂಗಸರ ಸಹಿ. ಆ ಹಾಳೆಯ ಗುರುತು ಸಿಕ್ಕಿ, ಕೆಂಪಯ್ಯಣ್ಣ ಬಗ್ಗಿ ನೋಡುವುದರೊಳಗೆ ಪುಸ್ತಕ ಮುಚ್ಚಿದೆ.

ನೀನು ಕುಣಿಗಲ್ಲಿಗೆ ಹೊರಟ ದಿನವೇ ವಾರ್ಡ್ ಸಭೆ ಇತ್ತಲ್ಲ, ಅದಕ್ಕೆ ಬಂದದ್ದು ಆರೇ ಜನ. "ಅಕ್ಕ, ಜನ ಇಲ್ಲ ಅಂದ್ರೆ ಸಭೆ ಮುಂದೆ ಹೋಗುತ್ತೆ, ಮನೆ ಫೈಲೂ ಮಲಗುತ್ತೆ. ಬರೀ ಹಾಜರಿ, ಹಾಕಿಸ್ಕೊಂಡ್ ಬನ್ನಿ. ಬರೆಯೋದು ಆಮೇಲೆ ಬರ್ಕೋತೀವಿ," ಎಂದು ಇದೇ ಗಿರಿರಾಜ ಖಾಲಿ ಹಾಳೆ ತೆರೆದು ಕೊಟ್ಟಿದ್ದ. ನಮ್ಮ ಸ್ತ್ರೀಶಕ್ತಿ ಸಂಘದಲ್ಲೂ ಹನ್ನೊಂದು ವರ್ಷದಿಂದ ಹಾಗೇ ತಾನೆ? ಮೊದಲು ಸಹಿ ಹಾಕಿ ಅನ್ನಕ್ಕಿಡಲು ಓಡುತ್ತೇವೆ, ಮೇಲಿನ ನಡಾವಳಿಯನ್ನು ಆಮೇಲೆ ಯಾರೋ ಬರೆಯುತ್ತಾರೆ. ಅದೇ ರೂಢಿಯಲ್ಲಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮನೆಮನೆ ತಿರುಗಿದೆ. ಸಂಘದ ಅಧ್ಯಕ್ಷೆ ಎಂಬ ಜಂಬ ಬೇರೆ.

"ಮೇಲೆ ಖಾಲಿ ಇತ್ತಲ್ಲಪ್ಪಾ!" ಎಂದೆ.

"ಖಾಲಿ ಹಾಳೆಗೆ ಯಾರಾದ್ರೂ ಸೈನ್ ಹಾಕಿಸ್ತಾರಾ ಅಕ್ಕಾ?" ಎಂದು ಇನ್ನೊಂದು ಬೋಂಡಾ ತೆಗೆದುಕೊಂಡ.

ಮನೆಗೆ ಬಂದು ನಮ್ಮವರಿಗೆ ಹೇಳಿದರೆ, "ಲಿಂಗದ ಮುಂದೆ ಕೂತು ಕಣ್ಣು ಮುಚ್ಚೋದು ಸರಿ ಕಣೇ, ಗಿರಿರಾಜನ ಮುಂದೂ ಮುಚ್ಚಿದ್ಯಲ್ಲ!" ಎಂದರು. ಅವತ್ತು ಅವರ ಸಾರಿಗೆ ಉಪ್ಪು ಹಾಕಲಿಲ್ಲ. ಹಾಗೇ ಉಂಡೆದ್ದರು.

ಬುಧವಾರ ವಿಜಯನಗರದ ವಕೀಲ ಸೇತುರಾಮ ಅವರ ಹತ್ತಿರ ಹೋಗಿದ್ದೆ. "ಸಹಿ ಹಾಕಿದೋರು ಈಗ ಬಂದು ನಾವು ಒಪ್ಪಿರ್ಲಿಲ್ಲ ಅಂದ್ರೆ ನಡೆಯಲ್ಲ ತಾಯಿ. ಅದರಲ್ಲಿ ಒಂದೇ ಒಂದು ಸುಳ್ಳು ಸಹಿ ಇದ್ರೆ ಹದಿಮೂರಾಗುತ್ತೆ, ನಿರ್ಣಯ ಬಿದ್ದುಹೋಗುತ್ತೆ. ಅಂಥದ್ದು ಇದೆಯಾ?" ಎಂದು ಕೇಳಿದರು. ನಾನು ಸೆರಗು ಸರಿಮಾಡಿಕೊಂಡು ಎದ್ದು ಬಂದೆ.

ಇರಲಿ. ಲತಾ ತಣ್ಣೀರಿಗೆ ಕೈ ಹಾಕದಂತೆ ನೋಡಿಕೋ. ಕೂಸಿನ ಹಣೆಗೆಂದು ಪೊಟ್ಟಣದಲ್ಲಿ ವಿಭೂತಿ ಇಟ್ಟಿದ್ದೇನೆ. ಆ ಕಂದನಿಗೆ ಶಿವ ನೂರು ವರ್ಷ ಕೊಡಲಿ, ತಾಯಿಯ ಎದೆಯಲ್ಲಿ ಹಾಲು ಉಕ್ಕಲಿ.

ನಿನ್ನ
ಶಿವಕ್ಕ

ವಿ. ಸೂ.: ಹದಿನಾಲ್ಕನೆಯ ಸಹಿ ನಿನ್ನ ಹೆಸರಿನದು ಯಶೋದೆ. ನೀನು ಆಗ ಕುಣಿಗಲ್ ಬಸ್ಸಿನಲ್ಲಿದ್ದೆ. ಗೈರುಹಾಜರಿ ಎಂದು ಮನೆಯ ಪಟ್ಟಿಯಿಂದ ನಿನ್ನ ಹೆಸರು ತೆಗೆದುಹಾಕಿಯಾರೆಂದು ಹೆದರಿ ನಾನೇ ಹಾಕಿಬಿಟ್ಟೆ. ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿ ನೋಡಿ ನಿನ್ನ ಸಹಿ ನನ್ನ ಕೈಗೆ ಬಂದುಬಿಟ್ಟಿತ್ತು. ನಿನಗೆ ಮನೆ ಇಲ್ಲದಂತೆ ಮಾಡಿದವಳು ನಾನು. ಸುಳ್ಳು ಸಹಿ ಹಾಕಿದವರ ಮೇಲೆ ಕೇಸಾಗುತ್ತದಂತೆ, ಅದಕ್ಕೇ ವಕೀಲರ ಮುಂದೆ ಬಾಯಿ ಬಿಡಲಿಲ್ಲ. ಐದು ದಿನ ಹೆದರಿದ್ದಾಯಿತು, ಇನ್ನು ನನ್ನಿಂದಾಗದು. ಇಪ್ಪತ್ತನೇ ತಾರೀಕು ಕಾಂಪ್ಲೆಕ್ಸಿಗೆ ಗುದ್ದಲಿ ಪೂಜೆ, ಅದರೊಳಗೆ ತಡೆಯಬೇಕು. "ಆ ದಿನ ನಾನು ಊರಲ್ಲಿರಲಿಲ್ಲ, ಈ ಸಹಿ ನನ್ನದಲ್ಲ" ಎಂದು ನಿನ್ನ ಕೈಯಾರೆ ಬರೆ. ಹಾಕಿದವಳು ನಾನೆಂದು ನಾನೇ ಬರೆದುಕೊಡುತ್ತೇನೆ. ನನ್ನನ್ನು ಬೈಯುವುದಿದ್ದರೆ ಬೇರೆ ಹಾಳೆಯಲ್ಲಿ ಬೈದು ಬರೆ, ವಕೀಲರಿಗೆ ಕೊಡುವ ಕಾಗದದಲ್ಲಿ ಬೇಡ. ಈ ಪತ್ರ ತರುವ ನಿನ್ನ ತಮ್ಮ ಮಹೇಶ ನಾಳಿದ್ದು ಹಿಂದಕ್ಕೆ ಹೊರಡುತ್ತಾನೆ, ಎರಡೂ ಹಾಳೆಗಳನ್ನು ಅವನ ಕೈಯಲ್ಲಿ ಕೊಟ್ಟು ಕಳಿಸು.