ಎಲ್ಲಾ ಊರಲ್ಲೂ ನಡೆಯುವ ವಿಮೆ

ಪ್ರಿಯ ನೇಡೀನ್,

ಇವತ್ತು ಇಲ್ಲಿ ದಲೂತ್‌ನ ನಮ್ಮ ಮಾಮೂಲಿ ಹೋಟೆಲಿನಲ್ಲಿ, ಅರವತ್ತೈದು ತುಂಬಿದವರಿಗೆ ಆರೋಗ್ಯ ವಿಮೆ ಮಾಡಿಸುವವರ ಸಭೆ ಇತ್ತು. ಬಿಟ್ಟಿ ಸಿಗುವ ಸೇಬಿನ ಪೈ ತಿನ್ನುವ ಆಸೆಗೆ ನಾವಿಬ್ಬರೂ ಕಳ್ಳರ ಹಾಗೆ ಹೋಗಿ ಕೂರುತ್ತಿದ್ದೆವಲ್ಲ, ಅದೇ. ಈ ಸಲ ನನಗೂ ಅರವತ್ತೈದಾಗಿದೆ, ನಿಜವಾಗಿಯೂ ಒಂದು ವಿಮೆ ಆರಿಸಬೇಕಿತ್ತು.

ವಿಮೆಯ ಹುಡುಗಿ ಕೆಂಡ್ರಾ ಎರಡು ಬಗೆ ವಿವರಿಸಿದಳು. ಒಂದು ಅಗ್ಗ, ಹಲ್ಲು, ಕನ್ನಡಕ ಎಲ್ಲ ಸೇರಿದೆ, ಆದರೆ ಇಲ್ಲಿನ ಡಾಕ್ಟರುಗಳೇ ಆಗಬೇಕು. ಇನ್ನೊಂದು ದುಬಾರಿ, ದೇಶದ ಯಾವ ಮೂಲೆಯಲ್ಲಾದರೂ ತೋರಿಸಿಕೊಳ್ಳಬಹುದು.

ಪಕ್ಕದ ಮನೆಯ ಗಸ್ ನನ್ನ ಪೈಗೂ ಚಮಚ ಹಾಕುತ್ತಾ, "ಲೇ ಓರ್ವಿಲ್, ಸೇತುವೆ ದಾಟಿ ಪಕ್ಕದೂರಿಗೆ ಹೋಗೋಕೇ ಹತ್ತು ನೆಪ ಹೇಳೋನು ನೀನು. ಸುಮ್ನೆ ಅಗ್ಗದ್ದು ತಗೊಂಡು ಹಲ್ಲು ಕಟ್ಟಿಸ್ಕೋ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನೀನು ನಿನ್ನ ಮಗಳಿರುವ ಟೂಸಾನ್‌ಗೆ ಹೊರಟು ನನ್ನನ್ನೂ ಕರೆದಾಗಲೂ ನನ್ನ ಹತ್ತಿರ ಒಂದು ನೆಪವಿತ್ತು. ನನ್ನ ಹೃದಯ ನೋಡುವ ಡಾಕ್ಟರು ಇಲ್ಲೇ ಇದ್ದಾರೆ ಎಂದಿದ್ದೆ. ಕಾರಿನ ಗಾಜು ಇಳಿಸಿ ನೀನು, "ಟೂಸಾನ್‌ನಲ್ಲೂ ಡಾಕ್ಟರುಗಳು ಇದಾರೆ ಕಣೋ" ಎಂದೆ. ಆಮೇಲೆ ಗಾಜು ಏರಿಸಿದೆ.

"ಈಗ್ಲೇ ಚೆನ್ನಾಗಿ ಯೋಚ್ನೆ ಮಾಡಿ ಸರ್" ಎಂದಳು ಕೆಂಡ್ರಾ, ನಾನು ತುಂಬಿದ ಅರ್ಜಿ ನೋಡುತ್ತಾ. "ಈಗ ಅಗ್ಗದ್ದು ತಗೊಂಡ್ರೆ, ನಿಮ್ಮ ಹೃದಯದ ತೊಂದ್ರೆ ನೋಡಿ ಆಮೇಲೆ ಇನ್ನೊಂದನ್ನ ಕಂಪನಿಯೋರು ಕೊಡದೇ ಇರಬಹುದು."

"ದುಬಾರಿದು ಟೂಸಾನ್‌ನಲ್ಲಿ ನಡಿಯುತ್ತಾ?" ಎಂದು ಕೇಳಿದೆ.

ಗಸ್ ಚಮಚ ಕೆಳಗಿಟ್ಟ.

"ನಡಿಯುತ್ತೆ ಸರ್. ಅಲ್ಲಿ ಯಾರಿದಾರೆ ನಿಮಗೆ?"

"ಡಾಕ್ಟರುಗಳು ಇದಾರಂತಮ್ಮ" ಎಂದು ಹೇಳಿ ದುಬಾರಿ ವಿಮೆಗೇ ಸಹಿ ಹಾಕಿದೆ.

ಓರ್ವಿಲ್