ಮಲ್ಲಸರ್ಜಕ್ಕೆ ಕಟ್ಟಿದ ಗೂಡು

ಫೆಬ್ರವರಿ ೩೦, ೨೧೬೪

ಶ್ರೀಯುತ ಮಲ್ಲಸರ್ಜ ಹೊಂಡದಕಟ್ಟಿಯವರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ಈ ಪತ್ರ ನೂರ ನಲವತ್ತು ವರ್ಷ ಹಿಂದಕ್ಕೆ, ನಿಮ್ಮ ಕಾಲಕ್ಕೆ ಬರುತ್ತಿದೆ; ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಅಷ್ಟಕ್ಕೆ ಮಾತ್ರ. ನನ್ನ ಹೆಸರು ಭಾಗೀರಥಿ. ನಿಮ್ಮ ಬಣ್ಣದ ಕಾರ್ಖಾನೆಯ ಕೆಳಗಡೆ, ಹಳ್ಳದ ದಂಡೆಯ ಊರಿನ ಗೂಡುಗಾರ್ತಿ. ಅಂದರೆ ವಿಷದ ಅಣುವನ್ನು ಹಿಡಿದಿಡುವ ಅಣುಗಳನ್ನು ಕಟ್ಟುವವಳು. ನೀವು ಇದನ್ನು ಓದುವ ದಿನ ಬೆಳಿಗ್ಗೆಯೂ ಹಿತ್ತಲ ಕೊಳವೆಯನ್ನು ಹಳ್ಳಕ್ಕೆ ಬಿಡಿಸಿದ್ದೀರಿ. ಅದರಲ್ಲಿ ಹರಿದದ್ದು ನಮ್ಮ ಬಾವಿಗಳಲ್ಲಿ ಇನ್ನೂ ಇದೆ.

ಆ ವಿಷದ ಶಾಸ್ತ್ರೀಯ ಹೆಸರು ಮಾರುದ್ದ ಇದೆ. ನಮ್ಮ ರೂಢಿ ಬೇರೆ: ಸುರಿದವರು ಯಾರೋ ವಿಷಕ್ಕೆ ಅವರದೇ ಹೆಸರು. ನಿಮ್ಮ ವಿಷ ‘ಮಲ್ಲಸರ್ಜ’. ಹೆಂಗಸರು ಕೊಡ ತೊಳೆಯುತ್ತ, “ಈ ನೀರಾಗ ಮಲ್ಲಸರ್ಜ ಐತೇನ ನೋಡ್ರಿ” ಎನ್ನುತ್ತಾರೆ. ಶಾಲೆಯ ಮಕ್ಕಳು ಅದರ ಚಿತ್ರ ಬರೆದು ಅಂಕ ಪಡೆಯುತ್ತಾರೆ. ಈ ಜಿಲ್ಲೆಯಲ್ಲಿ ಯಾರೂ ಮಗನಿಗೆ ಆ ಹೆಸರಿಡುವುದಿಲ್ಲ. ಅದನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆ ತಣ್ಣಗಾಗುತ್ತದೆ.

ಅದನ್ನು ಹಿಡಿಯಲು ನಮಗೆ ಒದಗಿದ್ದು ಪಿತ್ತ. ಕಸಾಯಿಖಾನೆಯವರು ಬಿಸಾಡುವ ಪಿತ್ತಕೋಶಗಳಿಂದ ಆಮ್ಲ ತೆಗೆಯುತ್ತೇವೆ. ಆ ಅಣು ಕುಡುಗೋಲಿನ ಹಾಗೆ ತುಸು ಬಾಗಿದೆ. ಒಂದು ಮೈಗೆ ನೀರು ಒಗ್ಗುತ್ತದೆ, ಇನ್ನೊಂದಕ್ಕೆ ಎಣ್ಣೆ. ಅಂಥ ಮೂರನ್ನು ತುದಿಗೆ ತುದಿ ಸೇರಿಸಿ ಬಳೆ ಮಾಡಿದರೆ ನಡುವೆ ಪೊಳ್ಳು ಉಳಿಯುತ್ತದೆ. ಮಲ್ಲಸರ್ಜ ಬಂದು ಕೂರಬೇಕಾದದ್ದು ಅಲ್ಲಿ. ಪೊಳ್ಳು ಸಡಿಲಾದರೆ ಜಾರಿಕೊಳ್ಳುತ್ತದೆ, ಇಕ್ಕಟ್ಟಾದರೆ ಒಳಗೇ ಬರುವುದಿಲ್ಲ. ನನ್ನ ಗುರುಗಳು ಕೊಂಡಿಗಳನ್ನು ಬದಲಿಸುತ್ತ ಬದಲಿಸುತ್ತ ಮುದುಕರಾದರು. ಕೊನೆಗೆ ಅಳತೆ ಸಿಕ್ಕಿತು, ಬಳೆ ಗೂಡಾಯಿತು. ನುಂಗಿದ ಗೂಡು ಕರುಳಿನಲ್ಲಿ ವಿಷವನ್ನು ಹಿಡಿದು ಮಲದೊಡನೆ ಹೊರಗೊಯ್ಯುತ್ತದೆ. ಶಾಸ್ತ್ರದಲ್ಲಿ ಗೂಡನ್ನು ಆತಿಥೇಯ ಎನ್ನುತ್ತಾರೆ, ಒಳಗೆ ಸಿಕ್ಕಿಬಿದ್ದದ್ದನ್ನು ಅತಿಥಿ. ನಿಮ್ಮದನ್ನು ಅತಿಥಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಗೂಡಿನ ಪುಡಿ ಮೊದಲು ಊರಿಗೆ ಬಂದಾಗ ನನ್ನ ತಂಗಿ ಪಾರಿಗೆ ಆರು ವರ್ಷ. ಮಲ್ಲಸರ್ಜ ಅವಳ ಯಕೃತ್ತನ್ನು ತಿನ್ನುತ್ತಿತ್ತು, ಕಣ್ಣುಗಳು ಹಳದಿಗಟ್ಟಿದ್ದವು. ಇನ್ನು ಉಳಿದಳೆಂದು ಮನೆಯಲ್ಲಿ ಹಬ್ಬವೇ ಆಯಿತು. ಆದರೆ ಪುಡಿ ಹಾಗಲಕಾಯಿಗಿಂತ ಕಹಿ. “ಕೂಸು ಉಗುಳಾಕತ್ತೈತಿ. ತುಪ್ಪದಾಗ ಕಲಸಿ ತಿನಿಸ್ತೀನಿ” ಎಂದಳು ಅವ್ವ. ಯಾವ ತಾಯಿ ಹಾಗೆ ಮಾಡುವುದಿಲ್ಲ? ಪಿತ್ತ ಇರುವುದೇ ಜಿಡ್ಡನ್ನು ಹಿಡಿಯಲು. ಗೂಡು ತುಪ್ಪವನ್ನೇ ತುಂಬಿಕೊಂಡು ಹೊರಟುಹೋಯಿತು, ವಿಷ ಪಾರಿಯೊಳಗೇ ಉಳಿಯಿತು. ಪ್ರಯೋಗಶಾಲೆಯ ತಿಳಿನೀರಿನಲ್ಲಿ ಪರೀಕ್ಷಿಸಿದವರಿಗೆ ಅಡುಗೆಮನೆಯ ನೆನಪೇ ಆಗಿರಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಪಾರಿ ತೀರಿಕೊಂಡಳು. ಅವ್ವ ಮತ್ತೆಂದೂ ತುಪ್ಪ ಕಾಯಿಸಲಿಲ್ಲ. ನಿನ್ನ ತಪ್ಪಲ್ಲವೆಂದು ಎಷ್ಟು ಹೇಳಿದರೂ ನಂಬದೆ ಸತ್ತಳು. ಆ ತಪ್ಪು ನಿಮ್ಮದು, ಸ್ವಾಮಿ. ನಾನು ಗೂಡುಗಾರ್ತಿಯಾದದ್ದು ಆ ಸಿಟ್ಟಿನಿಂದ.

ಈಗ ಊರಿಗೆಲ್ಲ ಬುಧವಾರವೆಂದರೆ ಸಪ್ಪೆವಾರ. ಅಂದು ಯಾವ ಮನೆಯಲ್ಲೂ ಒಗ್ಗರಣೆಯ ಸದ್ದಿಲ್ಲ. ಬರೀ ಗಂಜಿ ಕುಡಿದು ಜನ ನನ್ನ ಕಿಟಕಿಗೆ ಬರುತ್ತಾರೆ. ಯಾವ ವಿಷಕ್ಕೆ ಮದ್ದು ಬೇಕೋ ಅದರ ಹೆಸರನ್ನು ಬಾಯಿಬಿಟ್ಟು ಹೇಳಿದವರಿಗೇ ಪುಡಿ. ಪುಡಿಗಳು ಅದಲುಬದಲಾಗದಿರಲೆಂದು ಮಾಡಿದ ನಿಯಮ ಅದು.

ಕಳೆದ ಬುಧವಾರ ನಿಮ್ಮ ಮರಿಮಗನ ಮೊಮ್ಮಗಳು ಸುಗಂಧಾ ಬಂದಿದ್ದಳು. ಅವರು ಮನೆತನದ ಹೆಸರನ್ನು ಎಂದೋ ಬಿಟ್ಟಿದ್ದಾರೆ, ಆದರೂ ಊರಿಗೆ ಗೊತ್ತು. ಕಂಕುಳಲ್ಲಿ ಮಗಳು, ಮಗುವಿನ ಕಣ್ಣು ಹಳದಿ. ಸುಗಂಧಾ ತುಟಿ ಬಿಗಿದು ನಿಂತಳು. ಹಿಂದಿನ ಸಾಲು ಗುಸುಗುಸು ಆರಂಭಿಸಿತು. ಕೊನೆಗೆ ತಲೆ ತಗ್ಗಿಸಿ ನಿಮ್ಮ ಹೆಸರು ಹೇಳಿದಳು. ನನಗೆ ಚೆನ್ನಾಗಿಯೇ ಕೇಳಿಸಿತ್ತು. “ಕೇಳಿಸ್ಲಿಲ್ಲರೀ, ಇನ್ನೊಮ್ಮೆ ಹೇಳ್ರಿ” ಎಂದೆ. ಅವಳು ಅಳುತ್ತ ಬೀದಿಗೆಲ್ಲ ಕೇಳುವಂತೆ ಕೂಗಿದಳು. ಆಮೇಲೆ ಪುಡಿ ಕೊಟ್ಟೆ, ತುಪ್ಪ ಸೋಕಿಸಬೇಡವೆಂದೂ ಹೇಳಿದೆ. ಕೂಸಿನ ಮೇಲೆ ನನಗೆ ಸಿಟ್ಟಿಲ್ಲ.

ಕೊಳವೆಯ ತಿರುಪು ಇನ್ನೂ ನಿಮ್ಮ ಕೈಯಲ್ಲಿದೆ. ಇಂದೇ ಮುಚ್ಚಿಸಿದರೆ ಪಾರಿ ಬದುಕುತ್ತಾಳೆ, ನಿಮ್ಮ ಹೆಸರು ಮನುಷ್ಯನ ಹೆಸರಾಗಿಯೇ ಉಳಿಯುತ್ತದೆ. ಮುಚ್ಚಿಸುತ್ತೀರೆಂಬ ನಂಬಿಕೆ ನನಗಿಲ್ಲ. ನಾಡಿದ್ದು ಬುಧವಾರ. ಸುಗಂಧಾ ಮಗುವನ್ನೆತ್ತಿಕೊಂಡು ಮತ್ತೆ ಬರುತ್ತಾಳೆ. ಕಿಟಕಿಯಲ್ಲಿ ನಾನೇ ಇರುತ್ತೇನೆ, ಅಂದೂ ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ.

ಇತಿ,
ಪಾರಿಯ ಅಕ್ಕ